ಉರಿಮೂತ್ರಕ್ಕೆ ಫೆನಜೋಪಿರಿಡಿನ್: ಎರಡು ದಿನದ ಮಾತ್ರೆಯನ್ನು ಸರಿಯಾಗಿ ಬಳಸುವ ಸಮಗ್ರ ಮಾರ್ಗದರ್ಶಿ

ಮೂತ್ರ ಮಾಡುವಾಗ ಉರಿ, ಮುಗಿಸಿ ಬಂದ ಐದೇ ನಿಮಿಷಕ್ಕೆ ಮತ್ತೆ ಅವಸರ, ಹೋಗಿ ಕೂತರೆ ನಾಲ್ಕೇ ಹನಿ, ಆ ನಾಲ್ಕು ಹನಿಗೂ ಹಲ್ಲು ಕಚ್ಚಿ ಹಿಡಿಯಬೇಕು. ಆ್ಯಂಟಿಬಯೋಟಿಕ್ ಶುರು ಮಾಡಿದರೂ ಉರಿ ಇಳಿಯಲು ಒಂದೆರಡು ದಿನ ಬೇಕು. ಆ ನಡುವಿನ ಹೊತ್ತನ್ನು ದಾಟಿಸುವುದಕ್ಕೆಂದೇ ಇರುವ ಮಾತ್ರೆ ಫೆನಜೋಪಿರಿಡಿನ್. ಪಿರಿಡಿಯಂ ಎಂಬುದು ಇದರ ಹಳೆಯ, ಹೆಚ್ಚು ಪರಿಚಿತ ಬ್ರ್ಯಾಂಡ್ ಹೆಸರು. ಕೆಲವು ದೇಶಗಳಲ್ಲಿ ಇದು ವೈದ್ಯರ ಚೀಟಿ ಇಲ್ಲದೆಯೂ ಸಿಗುತ್ತದೆ, ಕೆಲವೆಡೆ ಚೀಟಿ ಬೇಕೇ ಬೇಕು, ಇನ್ನು ಕೆಲವೆಡೆ ಮಾರುಕಟ್ಟೆಯಲ್ಲೇ ಇಲ್ಲ.

ಮಾತ್ರೆ ಸರಳವಾದದ್ದೇ. ಆದರೆ ಇದನ್ನು ನುಂಗುವವರಲ್ಲಿ ಅನೇಕರು ಇದನ್ನೇ ಸೋಂಕಿನ ಔಷಧ ಎಂದುಕೊಳ್ಳುತ್ತಾರೆ. ಅಲ್ಲ. ಇದು ಒಂದೇ ಒಂದು ಬ್ಯಾಕ್ಟೀರಿಯಾವನ್ನೂ ಕೊಲ್ಲುವುದಿಲ್ಲ. ಹೊಗೆಗೆ ಕಣ್ಣು ಉರಿಯುತ್ತಿದೆ ಎಂದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡರೆ ಒಲೆ ಆರುವುದಿಲ್ಲವಲ್ಲ, ಇದೂ ಹಾಗೆಯೇ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಮುಂದಿನ ಹಂತಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಇದು ದೇಹದಲ್ಲಿ ಮಾಡುವುದೇನು?

ಫೆನಜೋಪಿರಿಡಿನ್ ಮೂಲತಃ ಒಂದು ಅಜೋ ಬಣ್ಣ. ಬಟ್ಟೆಗೆ ಹಾಕುವ ಎಷ್ಟೋ ಬಣ್ಣಗಳು ಸೇರಿದ ಅದೇ ರಾಸಾಯನಿಕ ಕುಟುಂಬ. ಬಳಕೆಗೆ ಬಂದ ಕಾಲದಲ್ಲಿ ಇದು ಮೂತ್ರದ ಸೋಂಕನ್ನೇ ನಿವಾರಿಸುತ್ತದೆ ಎಂದು ನಂಬಿದ್ದರು. ಆ ನಂಬಿಕೆ ಬಿದ್ದುಹೋಯಿತು, ನೋವು ಶಮನದ ಗುಣ ಮಾತ್ರ ಉಳಿಯಿತು.

ನುಂಗಿದ ಮಾತ್ರೆ ಕರುಳಿನಿಂದ ರಕ್ತಕ್ಕೆ ಸೇರಿ, ಕಿಡ್ನಿ ಮೂಲಕ ಬೇಗನೆ ಮೂತ್ರಕ್ಕೆ ಇಳಿಯುತ್ತದೆ. ಹೆಚ್ಚಿನ ಪಾಲು ರೂಪ ಬದಲಾಗದೆ ಹಾಗೆಯೇ ಹೊರಬೀಳುತ್ತದೆ. ಹೋಗುವ ದಾರಿಯಲ್ಲಿ ಮೂತ್ರಕೋಶ ಮತ್ತು ಮೂತ್ರನಾಳದ ಒಳಪದರಕ್ಕೆ ತಗುಲಿ ಅಲ್ಲಿನ ಉರಿ, ನೋವು, ಅವಸರವನ್ನು ತಗ್ಗಿಸುತ್ತದೆ. ತಲೆನೋವಿಗೋ ಮೈಕೈ ನೋವಿಗೋ ಇದು ಏನೂ ಮಾಡದು. ಕೆಲಸವೆಲ್ಲ ಮೂತ್ರದ ದಾರಿಯಲ್ಲೇ. ಸೋಂಕಿನ ಉರಿಗಲ್ಲದೆ ಕ್ಯಾತಿಟರ್ (ಮೂತ್ರ ಹೊರತೆಗೆಯುವ ಕೊಳವೆ) ಹಾಕಿ ತೆಗೆದ ಮೇಲೆ, ಸಿಸ್ಟೋಸ್ಕೋಪಿ (ಮೂತ್ರಕೋಶದೊಳಗೆ ಕ್ಯಾಮೆರಾ ನಳಿಕೆ ಇಳಿಸಿ ನೋಡುವ ಪರೀಕ್ಷೆ) ಆದ ಮೇಲೆ, ಮೂತ್ರದ ದಾರಿಯ ಶಸ್ತ್ರಚಿಕಿತ್ಸೆಯ ನಂತರ ಕಾಡುವ ಉರಿಗೂ ಇದನ್ನು ಕೊಡುವುದು ಈ ಕಾರಣಕ್ಕೆ. ಔಷಧ ಕಿಡ್ನಿಯ ಮೂಲಕವೇ ಹೊರಹೋಗಬೇಕು ಎಂಬ ಸಂಗತಿಯನ್ನು ನೆನಪಿಡಿ. ಎರಡನೇ ಹಂತ ನಿಂತಿರುವುದು ಅದರ ಮೇಲೆಯೇ.

ಹಂತ 1: ಉರಿ ಎಲ್ಲಿದೆ ಎಂದು ಗಮನಿಸಿ

ಮಾತ್ರೆ ಹುಡುಕುವ ಮುನ್ನ ಉರಿ ಯಾವ ಬಗೆಯದು ಎಂದು ನೋಡಿ. ಮೂತ್ರ ಹೊರಡುವಾಗ ಒಳಗಿನಿಂದಲೇ ಉರಿದು, ಜೊತೆಗೆ ಪದೇಪದೇ ಅವಸರ, ಹೊಕ್ಕುಳ ಕೆಳಗೆ ಭಾರ, ಕದಡಿದ ಮೂತ್ರ ಇದ್ದರೆ ಮೂತ್ರಕೋಶದ ಸೋಂಕಿನ ಸಾಧ್ಯತೆ ಹೆಚ್ಚು. ಇ.ಕೊಲೈ ಎಂಬ ಕರುಳಿನ ಬ್ಯಾಕ್ಟೀರಿಯಾ ಇಂಥ ಸೋಂಕುಗಳಲ್ಲಿ ಬಹುಪಾಲಿಗೆ ಕಾರಣ.

ಹಾಗಲ್ಲದೆ, ಮೂತ್ರ ಹೊರಗೆ ಬಂದು ಚರ್ಮಕ್ಕೆ ತಾಗಿದಾಗ ಮಾತ್ರ ಚುರುಚುರು ಎನ್ನುತ್ತಿದೆ, ಜೊತೆಗೆ ತುರಿಕೆ, ಬಿಳಿಸೆರಗು ಅಥವಾ ಹುಣ್ಣು ಇದೆ ಎಂದಾದರೆ ತೊಂದರೆ ಯೋನಿಯದ್ದೋ ಹೊರಚರ್ಮದ್ದೋ ಇರಬಹುದು. ಫಂಗಸ್ ಸೋಂಕು, ಹರ್ಪಿಸ್, ಮುಟ್ಟು ನಿಂತ ಮೇಲಿನ ಒಣಗುವಿಕೆ, ಹೊಸ ಸೋಪು, ಹೀಗೆ ಕಾರಣ ಹಲವು. ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕುಗಳೂ ಉರಿಮೂತ್ರದ ವೇಷದಲ್ಲೇ ಬರುತ್ತವೆ. ಗಂಡಸರಲ್ಲಿ ಮೂತ್ರನಾಳದಿಂದ ಕೀವಿನಂಥ ಸ್ರಾವ ಕಂಡರೆ ಮೊದಲು ಯೋಚಿಸಬೇಕಾದ್ದು ಅದನ್ನೇ. ಇವುಗಳಲ್ಲಿ ಯಾವುದಕ್ಕೂ ಫೆನಜೋಪಿರಿಡಿನ್ ಉತ್ತರವಲ್ಲ. ನಾಚಿಕೆ ಬಿಟ್ಟು ವೈದ್ಯರಿಗೆ ಇದ್ದದ್ದು ಇದ್ದಂತೆ ಹೇಳಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಇನ್ನು ಕೆಲವು ಸಂದರ್ಭಗಳಲ್ಲಿ ಮನೆಯಲ್ಲಿ ಮಾತ್ರೆ ನುಂಗಿ ಕಾಯುವ ಪ್ರಶ್ನೆಯೇ ಇಲ್ಲ:

- ಜ್ವರ, ನಡುಕ, ಪಕ್ಕೆ ಅಥವಾ ಬೆನ್ನಿನ ಒಂದು ಬದಿ ನೋವು, ವಾಂತಿ. ಸೋಂಕು ಕಿಡ್ನಿಗೆ ಏರಿದ ಲಕ್ಷಣಗಳಿವು.
- ಮೂತ್ರ ಪೂರ್ತಿ ಕಟ್ಟಿಹೋಗಿ ಹೊಟ್ಟೆ ಉಬ್ಬಿರುವುದು. ಇದು ತುರ್ತುಸ್ಥಿತಿ.
- ಮೂತ್ರದಲ್ಲಿ ಕಣ್ಣಿಗೆ ಕಾಣುವಷ್ಟು ರಕ್ತ ಅಥವಾ ಹೆಪ್ಪು.
- ಗರ್ಭಿಣಿಯರು, ಚಿಕ್ಕ ಮಕ್ಕಳು, ಗಂಡಸರು, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಇರುವವರು, ಕಿಡ್ನಿ ಕಲ್ಲು ಇರುವವರು, ಕ್ಯಾತಿಟರ್ ಹಾಕಿಸಿಕೊಂಡವರು.

ಕೊನೆಯ ಸಾಲಿನಲ್ಲಿರುವವರಿಗೆಲ್ಲ ಈ ಮಾತ್ರೆ ನಿಷಿದ್ಧ ಎಂದಲ್ಲ. ಅವರಲ್ಲಿ ಮೂತ್ರದ ಸೋಂಕು ಸುಲಭವಾಗಿ ತೊಡಕಾಗುತ್ತದೆ, ಹಾಗಾಗಿ ಮೊದಲು ತಪಾಸಣೆ, ಆಮೇಲೆ ಉರಿಶಮನ.

ಹಂತ 2: ನಿಮ್ಮ ದೇಹಕ್ಕೆ ಇದು ಆಗಿಬರುತ್ತದೆಯೇ?

ನನ್ನ ಪ್ರಕಾರ ಈ ಇಡೀ ಮಾರ್ಗದರ್ಶಿಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದೇ.

ಮೊದಲನೆಯದು ಕಿಡ್ನಿ. ಕಿಡ್ನಿ ಸೋತಿದ್ದರೆ ಔಷಧ ಹೊರಹೋಗದೆ ಮೈಯಲ್ಲೇ ಉಳಿಯುತ್ತದೆ. ರಕ್ತ ಸೋಸುವ ವೇಗವನ್ನು ತೋರಿಸುವ ಜಿಎಫ್‌ಆರ್ ನಿಮಿಷಕ್ಕೆ 50 ಮಿಲೀಗಿಂತ ಕಡಿಮೆ ಇದ್ದವರಿಗೆ ಫೆನಜೋಪಿರಿಡಿನ್ ಕೊಡುವುದಿಲ್ಲ. ರಕ್ತಪರೀಕ್ಷೆಯ ವರದಿಯಲ್ಲಿ ಕ್ರಿಯಾಟಿನಿನ್ (ಮಾಂಸಖಂಡದಿಂದ ಬಂದು ಕಿಡ್ನಿ ಸೋಸಿ ಹಾಕುವ ತ್ಯಾಜ್ಯ) ಪಕ್ಕದಲ್ಲಿ ಇ-ಜಿಎಫ್‌ಆರ್ ಎಂಬ ಸಾಲು ಇರುತ್ತದೆ, ನೋಡಿಕೊಳ್ಳಿ. ವಯಸ್ಸಾದವರ ವಿಷಯದಲ್ಲಿ ಇಲ್ಲೊಂದು ಮೋಸವಿದೆ. ಮೈಯಲ್ಲಿ ಮಾಂಸಖಂಡ ಕಡಿಮೆಯಾದಂತೆ ಕ್ರಿಯಾಟಿನಿನ್ ಸಂಖ್ಯೆಯೂ ತಗ್ಗಿ, ನೋಡಲು ಸಹಜವಾಗಿಯೇ ಕಾಣುತ್ತದೆ. ಆದರೆ ಕಿಡ್ನಿಯ ನಿಜವಾದ ಶಕ್ತಿ ಅರ್ಧಕ್ಕೆ ಇಳಿದಿರಬಹುದು. ಹಿರಿಯರಿಗೆ ಈ ಮಾತ್ರೆ ತರುವ ಮುನ್ನ ಕ್ರಿಯಾಟಿನಿನ್ ಒಂದನ್ನೇ ನೋಡಿ ಧೈರ್ಯ ತಂದುಕೊಳ್ಳಬೇಡಿ.

ಎರಡನೆಯದು ಜಿ6ಪಿಡಿ ಕೊರತೆ. ಕೆಂಪು ರಕ್ತಕಣಗಳನ್ನು ರಾಸಾಯನಿಕ ಹೊಡೆತದಿಂದ ಕಾಯುವ ಒಂದು ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಇದು ಎಕ್ಸ್ ವರ್ಣತಂತುವಿನ ಮೂಲಕ ಬರುವುದರಿಂದ ಗಂಡಸರಲ್ಲಿ ಹೆಚ್ಚು. ಅಂಥವರು ಈ ಮಾತ್ರೆ ನುಂಗಿದರೆ ರಕ್ತಕಣಗಳು ಒಡೆದು ರಕ್ತಹೀನತೆ, ಕಾಮಾಲೆ ಬರಬಹುದು. ಎಷ್ಟೋ ಜನಕ್ಕೆ ತಮಗೆ ಈ ಕೊರತೆ ಇದೆಯೆಂದೇ ಗೊತ್ತಿರುವುದಿಲ್ಲ. ಮಲೇರಿಯಾಕ್ಕೆ ಪ್ರೈಮಾಕ್ವಿನ್ ತೆಗೆದುಕೊಂಡಾಗ ಮೂತ್ರ ಕಪ್ಪಾಗಿತ್ತೇ, ಯಾವುದೋ ಮಾತ್ರೆಗೆ ಇದ್ದಕ್ಕಿದ್ದಂತೆ ಕಣ್ಣು ಹಳದಿಯಾಗಿ ಮೈಯಲ್ಲಿ ರಕ್ತ ಕಡಿಮೆಯಾಗಿತ್ತೇ, ಮನೆಯಲ್ಲಿ ಇನ್ಯಾರಿಗಾದರೂ ಹೀಗಾಗಿತ್ತೇ ಎಂದು ಯೋಚಿಸಿ. ಒಂದಕ್ಕಾದರೂ ಹೌದು ಎಂಬ ಉತ್ತರ ಬಂದರೆ ರಕ್ತಪರೀಕ್ಷೆ ಮಾಡಿಸದೆ ಈ ಮಾತ್ರೆ ಬೇಡ.

ತೀವ್ರವಾದ ಲಿವರ್ ಕಾಯಿಲೆ ಇದ್ದವರಿಗೂ, ಹಿಂದೊಮ್ಮೆ ಇದೇ ಮಾತ್ರೆಗೆ ಅಲರ್ಜಿಯಾದವರಿಗೂ ಇದು ಸಲ್ಲದು. ಚೀಟಿ ಇಲ್ಲದೆ ಸಿಗುವ ಕಡೆಗಳಲ್ಲೂ 12 ವರ್ಷದೊಳಗಿನ ಮಕ್ಕಳಿಗೆ ವೈದ್ಯರನ್ನು ಕೇಳದೆ ಕೊಡುವಂತಿಲ್ಲ. ಬಸುರಿಯರು ವೈದ್ಯರು ಹೇಳಿದರೆ ಮಾತ್ರ ತೆಗೆದುಕೊಳ್ಳಬೇಕು. ಹಾಲುಣಿಸುವ ತಾಯಂದಿರಿಗೆ ಬೇರೆ ನೋವುನಿವಾರಕ ಸಿಗುವಾಗ ಇದರ ಹಾದಿ ಹಿಡಿಯದಿರುವುದೇ ಲೇಸು. ಮಗು ಒಂದು ತಿಂಗಳೊಳಗಿನದ್ದಾದರೆ ಅಥವಾ ಮಗುವಿಗೆ ಜಿ6ಪಿಡಿ ಕೊರತೆ ಇದ್ದರಂತೂ ಇನ್ನೂ ಎಚ್ಚರ ಬೇಕು.

ಬೇರೆ ಔಷಧಿಗಳ ಜೊತೆ ಇದರ ಜಗಳ ಕಡಿಮೆ. ಆದರೂ ಡ್ಯಾಪ್ಸೋನ್ ಎಂಬ ಕುಷ್ಠರೋಗದ ಔಷಧ ನುಂಗುತ್ತಿರುವವರು, ಪ್ರಿಲೋಕೇನ್ ಅಥವಾ ಬೆಂಜೋಕೇನ್ ಇರುವ ಮರಗಟ್ಟಿಸುವ ಮುಲಾಮು, ಸ್ಪ್ರೇ ಬಳಸುತ್ತಿರುವವರು ವೈದ್ಯರಿಗೆ ತಿಳಿಸಬೇಕು. ಯಾಕೆಂದು ಏಳನೇ ಹಂತದಲ್ಲಿ ಬರುತ್ತದೆ.

ಹಂತ 3: ಮೊದಲು ಸ್ಯಾಂಪಲ್, ಆಮೇಲೆ ಮಾತ್ರೆ

ಈ ಎರಡರ ಕ್ರಮ ತಿರುಗಿಹೋದರೆ ಲ್ಯಾಬ್ ವರದಿ ಕೆಡುತ್ತದೆ. ಮೂತ್ರದ ಸ್ಟ್ರಿಪ್ ಪರೀಕ್ಷೆ ನಡೆಯುವುದೇ ಬಣ್ಣ ಬದಲಾವಣೆ ನೋಡಿ. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಸಾಲಾಗಿ ಸಣ್ಣ ಚೌಕಗಳಿರುತ್ತವೆ: ಸಕ್ಕರೆಗೊಂದು, ಪ್ರೋಟೀನ್‌ಗೊಂದು, ಬ್ಯಾಕ್ಟೀರಿಯಾದ ಸುಳಿವು ಕೊಡುವ ನೈಟ್ರೈಟ್‌ಗೊಂದು, ಬಿಳಿ ರಕ್ತಕಣಕ್ಕೊಂದು. ಯಾವ ಚೌಕ ಯಾವ ಬಣ್ಣಕ್ಕೆ ತಿರುಗಿತು ಎಂದು ನೋಡಿ ಫಲಿತಾಂಶ ಬರೆಯುತ್ತಾರೆ. ಫೆನಜೋಪಿರಿಡಿನ್ ಬೆರೆತ ಮೂತ್ರದಲ್ಲಿ ಪಟ್ಟಿಯನ್ನು ಅದ್ದಿ ತೆಗೆದರೆ ಚೌಕಗಳೆಲ್ಲ ಕಿತ್ತಳೆ ನೀರು ಕುಡಿದು ಕೂತಿರುತ್ತವೆ. ನೈಟ್ರೈಟ್ ಇಲ್ಲದಿದ್ದರೂ ಇದ್ದಂತೆ ಕಾಣಬಹುದು, ಕೀಟೋನ್, ಬಿಲಿರುಬಿನ್ ಚೌಕಗಳೂ ನಂಬಿಕೆಗೆ ಉಳಿಯುವುದಿಲ್ಲ.

ಹಾಗಾಗಿ ಉರಿ ಎಷ್ಟೇ ಇರಲಿ, ಮೊದಲು ಮೂತ್ರ ಹಿಡಿದಿಡಿ. ಹೊರಭಾಗವನ್ನು ನೀರಿನಿಂದ ತೊಳೆದುಕೊಂಡು, ಮೊದಲು ಬರುವ ಸ್ವಲ್ಪ ಮೂತ್ರವನ್ನು ಬಿಟ್ಟು, ನಡುವಿನದನ್ನು ಮಾತ್ರ ಲ್ಯಾಬ್ ಕೊಟ್ಟ ಸ್ವಚ್ಛ ಡಬ್ಬಿಗೆ ಹಿಡಿಯಿರಿ. ಡಬ್ಬಿಯ ಅಂಚಿಗೆ ಬೆರಳಾಗಲಿ ಚರ್ಮವಾಗಲಿ ತಾಗಬಾರದು. ಒಂದೆರಡು ಗಂಟೆಯೊಳಗೆ ಲ್ಯಾಬ್‌ಗೆ ತಲುಪಿಸಿ. ಆಗದಿದ್ದರೆ ಫ್ರಿಜ್‌ನಲ್ಲಿಟ್ಟು 24 ಗಂಟೆಯೊಳಗೆ ಕೊಡಿ. ಹೊರಗೇ ಬಿಟ್ಟರೆ ಬ್ಯಾಕ್ಟೀರಿಯಾ ಡಬ್ಬಿಯಲ್ಲೇ ಬೆಳೆದು ವರದಿ ಹಾಳಾಗುತ್ತದೆ.

ಕಲ್ಚರ್ ಪರೀಕ್ಷೆಯ ಕತೆ ಬೇರೆ. ಅಲ್ಲಿ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುತ್ತಾರೆ, ಬಣ್ಣ ಅದನ್ನು ಕೆಡಿಸುವುದಿಲ್ಲ. ಅದನ್ನು ಕೆಡಿಸುವುದು ಮನೆಯಲ್ಲಿ ಉಳಿದಿದ್ದ ಎರಡು ಹಳೆಯ ಆ್ಯಂಟಿಬಯೋಟಿಕ್ ಮಾತ್ರೆ. ಸ್ಯಾಂಪಲ್ ಕೊಡುವ ಮೊದಲೇ ಅದನ್ನು ನುಂಗಿದ್ದರೆ ಬೆಳೆಯಬೇಕಾದ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ.

ಫೆನಜೋಪಿರಿಡಿನ್ ಈಗಾಗಲೇ ನುಂಗಿಬಿಟ್ಟಿದ್ದರೆ ಲ್ಯಾಬ್‌ನವರಿಗೆ ಹೇಳಿ. ಸೂಕ್ಷ್ಮದರ್ಶಕದಲ್ಲಿ ಕೀವುಕಣ ಎಣಿಸುವುದಕ್ಕೆ, ಕಲ್ಚರ್‌ಗೆ ಅಡ್ಡಿಯಿಲ್ಲ. ಸ್ಟ್ರಿಪ್ ಫಲಿತಾಂಶವನ್ನು ಮಾತ್ರ ಪಕ್ಕಕ್ಕಿಡಬೇಕಾಗುತ್ತದೆ. ಮನೆಯಲ್ಲಿ ಮೂತ್ರದ ಸ್ಟ್ರಿಪ್‌ನಿಂದ ಸಕ್ಕರೆ ಅಥವಾ ಕೀಟೋನ್ ನೋಡಿಕೊಳ್ಳುವವರು ಆ ದಿನಗಳಲ್ಲಿ ಬೆರಳು ಚುಚ್ಚಿ ರಕ್ತದಲ್ಲೇ ನೋಡಿಕೊಳ್ಳಲಿ.

ಹಂತ 4: ಪೊಟ್ಟಣದ ಹಿಂಬದಿ ಓದಿ

ದೊಡ್ಡಕ್ಷರದ ಹೆಸರು ನೋಡಿ ಕೊಳ್ಳಬೇಡಿ, ಸಣ್ಣಕ್ಷರದಲ್ಲಿರುವ ಒಳಗಿನ ಔಷಧದ ಹೆಸರು ಓದಿ. ಅಲ್ಲಿ ಫೆನಜೋಪಿರಿಡಿನ್ ಹೈಡ್ರೋಕ್ಲೋರೈಡ್ ಎಂದಿರಬೇಕು. ಒಂದೇ ಬ್ರ್ಯಾಂಡಿನಡಿ ಉರಿಶಮನದ ಮಾತ್ರೆಯೂ, ಕ್ರ್ಯಾನ್‌ಬೆರಿ ಪುಡಿಯ ಮಾತ್ರೆಯೂ ಹೆಚ್ಚುಕಡಿಮೆ ಒಂದೇ ಬಗೆಯ ಡಬ್ಬಿಯಲ್ಲಿ ಬರುವುದುಂಟು. ಎರಡನೆಯದರಲ್ಲಿ ಈ ಔಷಧ ಚೂರೂ ಇರುವುದಿಲ್ಲ. ಪಿರಿಡಿಯಂ, ಪಿರಿಡಾಕ್ಸಿನ್ ಎಂಬ ವಿಟಮಿನ್, ಪಿರಿಡೋಸ್ಟಿಗ್ಮಿನ್ ಎಂಬ ಸ್ನಾಯು ಕಾಯಿಲೆಯ ಔಷಧ, ಮೂರೂ ಕಿವಿಗೆ ಒಂದೇ ತರಹ. ಫೋನಿನಲ್ಲಿ ಹೇಳಿ ತರಿಸುವುದಾದರೆ ಹೆಸರನ್ನು ಬರೆದು ಕಳಿಸಿ. ಫ್ಲಾವಾಕ್ಸೇಟ್ ಎಂಬ ಇನ್ನೊಂದು ಮಾತ್ರೆಯನ್ನೂ ಮೂತ್ರದ ಅವಸರಕ್ಕೆ ಕೊಡುತ್ತಾರೆ. ಅದು ಮೂತ್ರಕೋಶದ ಸ್ನಾಯು ಸಡಿಲಿಸುವಂಥದು, ಇದಕ್ಕೆ ಬದಲಿಯಲ್ಲ.

ಹಂತ 5: ಎಷ್ಟು, ಯಾವಾಗ, ಹೇಗೆ

ದೊಡ್ಡವರಿಗೆ ಸಾಮಾನ್ಯ ಪ್ರಮಾಣ ಒಂದು ಸಲಕ್ಕೆ 200 ಮಿ.ಗ್ರಾಂ, ದಿನಕ್ಕೆ ಮೂರು ಸಲ, ಊಟವಾದ ಮೇಲೆ. ಚೀಟಿಯ ಮೇಲೆ ಬರುವ ಮಾತ್ರೆ 100 ಅಥವಾ 200 ಮಿ.ಗ್ರಾಂನದು. ಚೀಟಿ ಇಲ್ಲದೆ ಸಿಗುವ ಕಡೆ 95 ಮಿ.ಗ್ರಾಂ ಅಥವಾ ಅದರ ಆಸುಪಾಸಿನ ಮಾತ್ರೆಗಳಿರುತ್ತವೆ, ಒಂದು ಸಲಕ್ಕೆ ಎರಡು. ನಿಮ್ಮ ವೈದ್ಯರು ಬೇರೆ ಪ್ರಮಾಣ ಬರೆದಿದ್ದರೆ ಅದೇ ಅಂತಿಮ.

ಊಟದ ನಂತರ ಎಂಬುದಕ್ಕೆ ಕಾರಣ ಹೊಟ್ಟೆ. ಖಾಲಿ ಹೊಟ್ಟೆಗೆ ನುಂಗಿದರೆ ವಾಕರಿಕೆ, ಹೊಟ್ಟೆ ತೊಳಸುವುದು ಸಾಮಾನ್ಯ. ಒಂದು ಲೋಟ ತುಂಬ ನೀರಿನ ಜೊತೆ ಇಡಿಯಾಗಿ ನುಂಗಿ. ಅಗಿಯಬೇಡಿ, ಬಾಯಲ್ಲಿ ಕರಗಲು ಬಿಡಬೇಡಿ, ಹಲ್ಲಿಗೆ ಬಣ್ಣ ಹತ್ತುತ್ತದೆ. ಮಾತ್ರೆಯನ್ನು ಮುರಿದರೆ ಬೆರಳಿಗೂ ಹತ್ತುತ್ತದೆ.

ಒಂದು ಹೊತ್ತಿನ ಮಾತ್ರೆ ಮರೆತರೆ ನೆನಪಾದಾಗ ತೆಗೆದುಕೊಳ್ಳಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಒಟ್ಟಿಗೆ ಎರಡು ಪಟ್ಟು ನುಂಗಬೇಡಿ.

ಈಗ ಮುಖ್ಯ ಮಾತು. ಸೋಂಕಿಗೆ ಆ್ಯಂಟಿಬಯೋಟಿಕ್ ನಡೆಯುತ್ತಿರುವಾಗ ಇದರ ಅವಧಿ ಎರಡು ದಿನ, ಅಷ್ಟೇ. ಅಂದರೆ ಆರು ಹೊತ್ತು. 200 ಮಿ.ಗ್ರಾಂ ಲೆಕ್ಕದಲ್ಲಿ ಒಟ್ಟು 1,200 ಮಿ.ಗ್ರಾಂ. ಪೊಟ್ಟಣದಲ್ಲಿ ಇನ್ನೂ ಮಾತ್ರೆ ಉಳಿದಿದ್ದರೆ ಉಳಿಯಲಿ. ಎರಡೇ ದಿನ ಯಾಕೆ? ಸರಿಯಾದ ಆ್ಯಂಟಿಬಯೋಟಿಕ್ ಸಿಕ್ಕಿದ್ದರೆ ಅಷ್ಟು ಹೊತ್ತಿಗೆ ಬ್ಯಾಕ್ಟೀರಿಯಾದ ಹಾವಳಿ ತಗ್ಗಿ ಉರಿ ತಾನಾಗಿಯೇ ಇಳಿದಿರುತ್ತದೆ. ಆಮೇಲೂ ಇದನ್ನು ಜೊತೆಗೆ ಮುಂದುವರಿಸಿದರೆ ಆ್ಯಂಟಿಬಯೋಟಿಕ್ ಒಂದರಿಂದಲೇ ಸಿಗುವುದಕ್ಕಿಂತ ಹೆಚ್ಚಿನ ಪ್ರಯೋಜನ ಇದೆ ಎಂಬುದಕ್ಕೆ ಆಧಾರವಿಲ್ಲ. ಎರಡು ದಿನ ಕಳೆದೂ ಉರಿ ಹಾಗೆಯೇ ಇದೆ ಎಂದರೆ ಆ್ಯಂಟಿಬಯೋಟಿಕ್ ನಾಟಿಲ್ಲ ಅಥವಾ ಕಾರಣವೇ ಬೇರೆ ಇದೆ. ಉರಿಶಮನ ಮುಂದುವರಿಸಿದರೆ ಈ ಸುಳಿವು ನಿಮಗೆ ಸಿಗುವುದೇ ಇಲ್ಲ.

ಇನ್ನೊಂದು ಕಾರಣ ದೀರ್ಘಕಾಲದ್ದು. ಇಲಿಗಳಿಗೆ ಬಹುಕಾಲ ಕೊಟ್ಟಾಗ ದೊಡ್ಡ ಕರುಳಿನಲ್ಲೂ, ಚಿಟ್ಟಿಲಿಗಳಿಗೆ ಕೊಟ್ಟಾಗ ಲಿವರ್‌ನಲ್ಲೂ ಗಡ್ಡೆಗಳು ಕಂಡಿವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ‘ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆ ಇರುವ’ 2ಬಿ ಗುಂಪಿನಲ್ಲಿ ಇಟ್ಟಿದೆ. ಎರಡು ದಿನ ನುಂಗಿದವರು ಇದಕ್ಕೆ ನಿದ್ದೆಗೆಡಬೇಕಿಲ್ಲ. ತಿಂಗಳುಗಟ್ಟಲೆ ಕೈಚೀಲದಲ್ಲಿಟ್ಟುಕೊಂಡು ಉರಿ ಬಂದಾಗಲೆಲ್ಲ ನುಂಗುವ ಅಭ್ಯಾಸದವರು ಮಾತ್ರ ಯೋಚಿಸಬೇಕು.

ಹಂತ 6: ಬಣ್ಣಕ್ಕೆ ಸಿದ್ಧರಾಗಿ

ಮೊದಲ ಮಾತ್ರೆಯಾದ ಕೆಲವೇ ಗಂಟೆಗಳಲ್ಲಿ ಮೂತ್ರ ಗಾಢ ಕಿತ್ತಳೆಗೆ ತಿರುಗುತ್ತದೆ, ಕೆಲವರಲ್ಲಿ ಕೆಂಪಗೇ ಇರುತ್ತದೆ. ಯಾರೂ ಮುಂಚೆ ಹೇಳದಿದ್ದರೆ ಬೆಚ್ಚಿಬೀಳುವಂಥ ಬಣ್ಣ. ಇದು ಮಾತ್ರೆಯ ಬಣ್ಣ, ಅದರಿಂದ ಹಾನಿಯಿಲ್ಲ. ಕಮೋಡಿನ ಅಂಚಿಗೆ ಬಿದ್ದ ಹನಿ ಒಣಗಿದರೆ ಹಳದಿ ಗೆರೆ ಉಳಿಯುತ್ತದೆ, ತಕ್ಷಣ ನೀರು ಸುರಿಯಿರಿ. ಒಳಉಡುಪಿಗೆ ಬಿದ್ದರೆ ಸುಲಭಕ್ಕೆ ಹೋಗುವುದಿಲ್ಲ. ಆ ಎರಡು ದಿನ ಗಾಢ ಬಣ್ಣದ ಹಳೆಯ ಒಳಉಡುಪು ಹಾಕಿ, ತೆಳುವಾದ ಪ್ಯಾಡ್ ಇಟ್ಟುಕೊಳ್ಳಿ. ಮೂತ್ರ ಹಿಡಿದಿಡಲಾಗದ ಹಿರಿಯರಿದ್ದರೆ ಹಾಸಿಗೆಯ ಮೇಲೂ ಒಂದು ಪದರ ಹೆಚ್ಚು ಹಾಸಿ.

ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗೆ ಇದನ್ನು ಯಾರೂ ಹೇಳುವುದಿಲ್ಲ: ಈ ಬಣ್ಣ ಕಣ್ಣೀರಿಗೂ ಇಳಿಯುತ್ತದೆ. ಮೃದು ಲೆನ್ಸ್ ಅದನ್ನು ಹೀರಿಕೊಂಡರೆ ಮತ್ತೆ ತಿಳಿಯಾಗುವುದಿಲ್ಲ, ಎಸೆಯಬೇಕಾಗುತ್ತದೆ. ಮಾತ್ರೆ ಮುಗಿಯುವವರೆಗೆ ಕನ್ನಡಕವೇ ವಾಸಿ.

ಬಣ್ಣದಿಂದ ನಿಜವಾದ ತೊಂದರೆ ಒಂದೇ: ಮೂತ್ರದಲ್ಲಿ ರಕ್ತ ಬಂದರೂ ಅದು ಮರೆಯಾಗಿಬಿಡುತ್ತದೆ. ಮಾತ್ರೆ ಶುರುಮಾಡುವ ಮುನ್ನವೇ ಮೂತ್ರ ಯಾವ ಬಣ್ಣದಲ್ಲಿತ್ತು ಎಂದು ಒಂದು ಸಲ ಗಮನವಿಟ್ಟು ನೋಡಿಕೊಳ್ಳಿ, ವೈದ್ಯರು ಕೇಳಿದರೆ ಹೇಳಲು ಬೇಕಾಗುತ್ತದೆ. ಕ್ಷಯಕ್ಕೆ ರಿಫಾಂಪಿಸಿನ್ ತೆಗೆದುಕೊಳ್ಳುತ್ತಿರುವವರ ಮೂತ್ರವೂ ಕಿತ್ತಳೆಯೇ. ಅಂಥವರು ಎರಡೂ ಔಷಧಿಗಳ ಹೆಸರು ಹೇಳಿ ಕೇಳಬೇಕು.

ಹಂತ 7: ಆ ಎರಡು ದಿನ ಏನನ್ನು ಗಮನಿಸಬೇಕು?

ತಲೆನೋವು, ಸ್ವಲ್ಪ ಹೊಟ್ಟೆ ಕೆಡುವುದು, ತುರಿಕೆ, ಇವು ಸಾಮಾನ್ಯ ಅಡ್ಡಪರಿಣಾಮಗಳು. ತಲೆನೋವು, ಹೊಟ್ಟೆಯ ತೊಂದರೆಗಳು ಮಾತ್ರೆ ನಿಲ್ಲಿಸಿದರೆ ಇಳಿಯುತ್ತವೆ. ಮೈಮೇಲೆ ಗಂದೆ ಎದ್ದರೆ ಮುಂದಿನ ಹೊತ್ತಿನ ಮಾತ್ರೆ ಬೇಡ. ಮುಖ, ನಾಲಿಗೆ ಊದಿ ಉಸಿರು ಕಟ್ಟಿದಂತಾದರೆ ನೇರ ಆಸ್ಪತ್ರೆಗೆ.

ಮೂತ್ರ ಕಿತ್ತಳೆಯಾಗುವುದು ಸಹಜ ಎಂದೆ. ಕಣ್ಣಿನ ಬಿಳಿಭಾಗ ಅಥವಾ ಚರ್ಮ ಹಳದಿಯಾಗುವುದು ಸಹಜವಲ್ಲ. ಕಿಡ್ನಿ ಔಷಧವನ್ನು ಹೊರಹಾಕದೆ ಅದು ಮೈಯಲ್ಲಿ ತುಂಬುತ್ತಿದೆ, ಇಲ್ಲವೇ ರಕ್ತಕಣ ಒಡೆಯುತ್ತಿದೆ, ಇಲ್ಲವೇ ಲಿವರ್‌ಗೆ ಪೆಟ್ಟಾಗಿದೆ. ಮೂರರಲ್ಲಿ ಕಾರಣ ಯಾವುದೇ ಇರಲಿ, ಮಾತ್ರೆ ಅಲ್ಲಿಗೇ ನಿಲ್ಲಬೇಕು, ವೈದ್ಯರನ್ನು ಕಾಣಬೇಕು. ಜೊತೆಗೆ ಸುಸ್ತು, ಬಿಳಿಚಿಕೊಳ್ಳುವುದು, ಏದುಸಿರು ಇದ್ದರೆ ಮರುದಿನಕ್ಕೆ ಕಾಯಬೇಡಿ.

ಅಪರೂಪದ, ಆದರೆ ಗೊತ್ತಿರಲೇಬೇಕಾದ ತೊಂದರೆ ಮೆಥೆಮೊಗ್ಲೋಬಿನೀಮಿಯ. ಈ ಔಷಧ ದೇಹದಲ್ಲಿ ಒಡೆದಾಗ ಅನಿಲಿನ್ ಎಂಬ ವಸ್ತು ಉಂಟಾಗುತ್ತದೆ. ಪ್ರಮಾಣ ಮೀರಿದರೆ ಅಥವಾ ಕಿಡ್ನಿ ಸೋತಿದ್ದರೆ ಅದು ಹಿಮೋಗ್ಲೋಬಿನ್‌ನ ರೂಪ ಕೆಡಿಸಿ, ಅದು ಆಮ್ಲಜನಕ ಹೊರದಂತೆ ಮಾಡುತ್ತದೆ. ತುಟಿ, ಉಗುರು ನೀಲಿ-ಬೂದು ಬಣ್ಣಕ್ಕೆ ತಿರುಗುತ್ತವೆ, ತಲೆ ಸುತ್ತುತ್ತದೆ, ರಕ್ತ ತೆಗೆದು ನೋಡಿದರೆ ಚಾಕೊಲೇಟ್ ಬಣ್ಣ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ತೀವ್ರ ಸ್ಥಿತಿಯಲ್ಲಿ 85ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ, ಆಮ್ಲಜನಕ ಕೊಟ್ಟರೂ ಮೇಲೇರುವುದಿಲ್ಲ. ಡ್ಯಾಪ್ಸೋನ್, ಪ್ರಿಲೋಕೇನ್, ಬೆಂಜೋಕೇನ್ ಕೂಡ ಇದೇ ಕೆಲಸ ಮಾಡಬಲ್ಲವು. ಎರಡನೇ ಹಂತದಲ್ಲಿ ಅವುಗಳ ಹೆಸರು ಬಂದದ್ದು ಇದಕ್ಕೇ. ಆಸ್ಪತ್ರೆಯಲ್ಲಿ ಮೆಥಿಲೀನ್ ಬ್ಲೂ ಎಂಬ ಔಷಧ ಕೊಟ್ಟು ಸರಿಪಡಿಸುತ್ತಾರೆ. ಆದರೆ ಜಿ6ಪಿಡಿ ಕೊರತೆ ಇರುವವರಿಗೆ ಅದೂ ಅಪಾಯ, ಆ ವಿಷಯ ಗೊತ್ತಿದ್ದರೆ ಮೊದಲೇ ಹೇಳಿ. ಮನೆಯಲ್ಲಿ ಮಗುವೊಂದು ಈ ಬಣ್ಣದ ಮಾತ್ರೆಯನ್ನು ಮಿಠಾಯಿ ಎಂದು ನುಂಗಿದರೆ ನೀಲಿಯಾಗುವುದನ್ನು ನೋಡುತ್ತಾ ಕೂರಬೇಡಿ, ಪೊಟ್ಟಣ ಸಮೇತ ಹೊರಡಿ.

ಜ್ವರದ ಮೇಲೆ ಕಣ್ಣಿರಲಿ. ಉರಿ ಮಾಯವಾಗಿರುವಾಗ ಸೋಂಕು ಮೇಲಕ್ಕೇರಿದರೂ ಮೊದಲ ಸೂಚನೆ ಬರುವುದು ಜ್ವರ, ಪಕ್ಕೆನೋವಿನ ರೂಪದಲ್ಲಿ. ದಿನಕ್ಕೆರಡು ಸಲ ಥರ್ಮಾಮೀಟರ್ ಇಟ್ಟು ನೋಡಿದರೆ ನಷ್ಟವೇನಿಲ್ಲ. ಜ್ವರದ ಮಾತ್ರೆಯನ್ನೂ ನುಂಗುತ್ತಿದ್ದರೆ ಆ ಸೂಚನೆಯೂ ಮಂಕಾಗುತ್ತದೆ ಎಂಬುದು ನೆನಪಿರಲಿ.

ಹಂತ 8: ಜೊತೆಗೆ ಏನು ಮಾಡಬಹುದು, ಏನು ಬೇಡ

ಬರೆದುಕೊಟ್ಟ ಆ್ಯಂಟಿಬಯೋಟಿಕ್ ಪೂರ್ತಿ ಮುಗಿಸಿ. ಸರಳ ಮೂತ್ರಕೋಶದ ಸೋಂಕಿಗೆ ಅವಧಿ ಚಿಕ್ಕದೇ: ಫಾಸ್ಫೋಮೈಸಿನ್ ಆದರೆ 3 ಗ್ರಾಂನ ಒಂದೇ ಡೋಸ್, ನೈಟ್ರೋಫುರಾಂಟೋಯಿನ್ ಸಾಮಾನ್ಯವಾಗಿ ಐದು ದಿನ. ಫೆನಜೋಪಿರಿಡಿನ್ ಎರಡು ದಿನಕ್ಕೆ ನಿಂತಿತು ಎಂದು ಆ್ಯಂಟಿಬಯೋಟಿಕ್ ಅನ್ನೂ ನಿಲ್ಲಿಸುವವರಿದ್ದಾರೆ. ಉರಿ ಮರಳಿ ಬರುವುದು ಹೀಗೆಯೇ.

ಮೂತ್ರದ ಆಮ್ಲತೆ ತಗ್ಗಿಸುವ ಸಿಟ್ರೇಟ್ ಸಿರಪ್‌ಗಳನ್ನು ನೀರಿಗೆ ಬೆರೆಸಿ ಕುಡಿಯುವ ರೂಢಿ ಬಹಳ. ನಿರುಪದ್ರವಿ ಎಂಬ ಹೆಸರೂ ಅದಕ್ಕಿದೆ. ಆದರೆ ನೈಟ್ರೋಫುರಾಂಟೋಯಿನ್ ಚೆನ್ನಾಗಿ ಕೆಲಸ ಮಾಡುವುದು ಆಮ್ಲೀಯ ಮೂತ್ರದಲ್ಲಿ, ಸಿರಪ್ ಅದರ ಬಲವನ್ನೇ ಕುಗ್ಗಿಸುತ್ತದೆ. ಸಿಪ್ರೋಫ್ಲಾಕ್ಸಾಸಿನ್ ಜೊತೆ ಸೇರಿದರೆ ಮೂತ್ರದಲ್ಲಿ ಹರಳು ಕಟ್ಟುವ ಸಾಧ್ಯತೆ ಇದೆ. ಸೋಡಿಯಂ, ಪೊಟ್ಯಾಸಿಯಂ ಇರುವುದರಿಂದ ಬಿಪಿ, ಹೃದಯ, ಕಿಡ್ನಿಯ ತೊಂದರೆ ಇರುವವರಿಗೂ ಅದು ಸುಮ್ಮನೆ ಕುಡಿಯುವ ವಸ್ತುವಲ್ಲ. ಒಂದೇ ಚೀಟಿಯಲ್ಲಿ ಎರಡೂ ಇದ್ದರೆ ಕೇಳಿ ಖಾತ್ರಿ ಮಾಡಿಕೊಳ್ಳಿ.

ಪ್ಯಾರಾಸಿಟಮಾಲ್ ಜೊತೆಗೆ ತೆಗೆದುಕೊಳ್ಳಬಹುದು. ಐಬುಪ್ರೊಫೇನ್ ಕೂಡ ಹಲವರಿಗೆ ನೆರವಾಗುತ್ತದೆ, ಕಿಡ್ನಿ ಅಥವಾ ಹೊಟ್ಟೆಯ ಹುಣ್ಣಿನ ತೊಂದರೆ ಇಲ್ಲದಿದ್ದರೆ. ಸೋಂಕಿಗೆ ನೋವುನಿವಾರಕವೊಂದೇ ಸಾಕಾಗಬಹುದೇ ಎಂದೂ ಪರೀಕ್ಷಿಸಿ ನೋಡಿದ್ದಾರೆ. ಜರ್ಮನಿಯಲ್ಲಿ 494 ಮಹಿಳೆಯರ ಮೇಲೆ ನಡೆದ, 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಐಬುಪ್ರೊಫೇನ್ ಪಡೆದವರಲ್ಲಿ ಸುಮಾರು ಮೂರನೇ ಎರಡು ಪಾಲು ಮಂದಿಗೆ ಆ್ಯಂಟಿಬಯೋಟಿಕ್ ಬೇಕಾಗಲೇ ಇಲ್ಲ. ಅದೇ ಗುಂಪಿನಲ್ಲಿ ಉರಿಯ ಕಾಟ ಹೆಚ್ಚಿತ್ತು, ಸೋಂಕು ಕಿಡ್ನಿಗೆ ಏರಿದ ಪ್ರಕರಣಗಳೂ ಸಂಖ್ಯೆಯಲ್ಲಿ ಹೆಚ್ಚಿದ್ದವು. ವೈದ್ಯರ ಕಣ್ಗಾವಲಿದ್ದ ಪ್ರಯೋಗ ಅದು. ಅದನ್ನು ಮನೆಯಲ್ಲಿ ಒಬ್ಬರೇ ಮಾಡಿನೋಡುವುದಕ್ಕೆ ನನ್ನ ಬೆಂಬಲವಿಲ್ಲ.

ಹೊಟ್ಟೆಯ ಕೆಳಭಾಗಕ್ಕೆ ಬಟ್ಟೆ ಸುತ್ತಿದ ಬಿಸಿನೀರಿನ ಚೀಲ ಇಟ್ಟರೆ ಹಿತ. ಕಾಫಿ, ಮದ್ಯ ಆ ದಿನಗಳಲ್ಲಿ ಬಿಟ್ಟಿರಿ, ಮೂತ್ರಕೋಶವನ್ನು ಕೆರಳಿಸುತ್ತವೆ. ನೀರನ್ನು ಬಾಯಾರಿಕೆಗಿಂತ ಒಂದಿಷ್ಟು ಹೆಚ್ಚು ಕುಡಿಯಿರಿ, ಕೊಡಗಟ್ಟಲೆ ಬೇಡ.

ಹಂತ 9: ನಿಲ್ಲಿಸಿದ ಮೇಲೆ

ಕೊನೆಯ ಮಾತ್ರೆಯಾದ ಒಂದು ದಿನದ ಹೊತ್ತಿಗೆ ಬಣ್ಣ ತೆಳುವಾಗುತ್ತಾ ಹೋಗುತ್ತದೆ. ಎರಡು ದಿನ ಕಳೆದೂ ಮೂತ್ರ ಕೆಂಪು ಅಥವಾ ಕಂದು ಇದ್ದರೆ ಅದನ್ನು ಮಾತ್ರೆಯ ತಲೆಗೆ ಕಟ್ಟಬೇಡಿ, ರಕ್ತವೇ ಇರಬಹುದು, ಪರೀಕ್ಷೆ ಮಾಡಿಸಿ. ಬಣ್ಣ ತಿಳಿಯಾಗಿದ್ದೂ ಉರಿ ಮರಳಿದರೆ ಉಳಿದ ಮಾತ್ರೆಗೆ ಕೈ ಹಾಕುವ ಬದಲು ಕಲ್ಚರ್ ವರದಿ ಬಂತೇ ಎಂದು ಕೇಳಿ. ಸಾಮಾನ್ಯವಾಗಿ 24ರಿಂದ 48 ಗಂಟೆಯಲ್ಲಿ ಅದು ಸಿದ್ಧವಾಗಿರುತ್ತದೆ. ಯಾವ ಆ್ಯಂಟಿಬಯೋಟಿಕ್ ನಾಟುತ್ತದೆ, ಯಾವುದಕ್ಕೆ ಬ್ಯಾಕ್ಟೀರಿಯಾ ಜಗ್ಗುವುದಿಲ್ಲ ಎಂಬ ಪಟ್ಟಿಯೂ ಸ್ವಲ್ಪ ಹೊತ್ತಿನಲ್ಲೇ ಅದರ ಹಿಂದೆ ಬರುತ್ತದೆ.

ಕಲ್ಚರ್‌ನಲ್ಲಿ ಏನೂ ಬೆಳೆಯದೆ ಉರಿ, ಅವಸರ ಮಾತ್ರ ವಾರಗಟ್ಟಲೆ ಕಾಡುತ್ತಿದ್ದರೆ ನೋವಿನ ಮೂತ್ರಕೋಶ ಎಂಬ ದೀರ್ಘಕಾಲದ ತೊಂದರೆಯೋ, ಕಲ್ಲೋ, ಗಂಡಸರಲ್ಲಿ ಪ್ರಾಸ್ಟೇಟ್ ಊತವೋ ಇರಬಹುದು. ಆರು ತಿಂಗಳಲ್ಲಿ ಎರಡು ಸಲ ಅಥವಾ ವರ್ಷದಲ್ಲಿ ಮೂರು ಸಲ ಸೋಂಕು ಬಂದರೆ ಅದನ್ನು ಮರುಕಳಿಸುವ ಸೋಂಕು ಎಂದೇ ಕರೆಯುತ್ತಾರೆ. ಅದರ ತಡೆಗೆ ಬೇರೆಯೇ ಚಿಕಿತ್ಸಾಕ್ರಮಗಳಿವೆ. ಮೂತ್ರರೋಗ ತಜ್ಞರ ಬಳಿ ಹೋಗುವಾಗ ಯಾವ ತಿಂಗಳು ಬಂತು, ಯಾವ ಆ್ಯಂಟಿಬಯೋಟಿಕ್ ಎಷ್ಟು ದಿನ, ಕಲ್ಚರ್‌ನಲ್ಲಿ ಏನು ಬೆಳೆದಿತ್ತು, ಫೆನಜೋಪಿರಿಡಿನ್ ಎಷ್ಟು ಸಲ ನುಂಗಿದಿರಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ.